ಎಡಗಡೆ ಗೋಡೆಯ ಹತ್ತಿರ ಗಲಾಟೆ ಅಕ್ಕ

ನಮ್ಮ ಊರಿನಲ್ಲಿ ಗಿಟಾರಿನ ಸದ್ದಿಗೆ ಕಿವಿ ನಿಮಿರುವ ಯಾರನ್ನೇ ಕೇಳಿ, ಗಲಾಟೆ ಅಕ್ಕ ಗೊತ್ತು ಎನ್ನುತ್ತಾರೆ. ಅವರಿಗೆ ಗೊತ್ತಿರುವುದು ದನಿ ಮಾತ್ರ. ಆ ದನಿಯ ಹೆಂಗಸು ದಪ್ಪ ಕನ್ನಡಕ ಹಾಕಿಕೊಂಡು, ಉಗುರಿನ ಸಂದಿಯಲ್ಲಿ ಗುಲಾಬಿ ಮೇಣ ಮೆತ್ತಿಕೊಂಡು ಬಸ್ಸಿನಲ್ಲಿ ತಮ್ಮ ಪಕ್ಕದಲ್ಲೇ ಕೂತಿದ್ದರೂ ಎಷ್ಟೋ ಜನಕ್ಕೆ ಗುರುತು ಸಿಗುತ್ತಿರಲಿಲ್ಲ. ಆಕೆ ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ.

ಅತ್ತಿಗೆಯ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅದಕ್ಕೆ ಪ್ಲಾಸ್ಟರ್ ಹುಯ್ದು, ಗಟ್ಟಿಯಾದ ಮೇಲೆ ಮೇಣದ ಒಸಡು ಮಾಡಿ, ಅದರ ಮೇಲೆ ಒಂದೊಂದೇ ಹಲ್ಲು ಕೂರಿಸಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಹಾಕಿಕೊಂಡವರಿಗೆ ಊಟದ ಹೊತ್ತಿಗೆ ಜೀವ ಹೋಗುತ್ತದೆ. ನಾನೂ ಅದೇ ಕಡೆ ಕೆಲಸಕ್ಕಿದ್ದೇನೆ. ಸಿದ್ಧವಾದ ಹಲ್ಲುಗಳನ್ನು ಡಬ್ಬಿಗೆ ಹಾಕಿ ಆಸ್ಪತ್ರೆಗಳಿಗೆ ಕಳಿಸುವುದು ನನ್ನ ಪಾಲಿನದು. "ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಹಲ್ಲು ನಾವು ಕೊಡ್ತೀವಿ, ಕಡಲೆ ಅವರೇ ನೋಡ್ಕೊಳ್ಳಲಿ" ಎಂಬುದು ಅತ್ತಿಗೆಯ ಹಳೆಯ ಜೋಕು. ನನ್ನ ಅಮ್ಮನ ಬಾಯಲ್ಲಿರುವುದೂ ಅತ್ತಿಗೆ ಕೂರಿಸಿದ ಹಲ್ಲುಗಳೇ. "ಸೊಸೇನ ಬೈಯೋಕೂ ಸೊಸೆ ಕೊಟ್ಟ ಹಲ್ಲೇ ಬೇಕು ನೋಡು ನಂಗೆ" ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಬಾಯಿ ತೆರೆದು ತೋರಿಸುತ್ತಾಳೆ.

ಮದುವೆಗೆ ಮುಂಚೆ ಅಣ್ಣ ಆಕೆಯನ್ನು ಮೊದಲ ಸಲ ಮನೆಗೆ ಕರೆತಂದಾಗ ಅಮ್ಮ ಸುಮ್ಮನೆ ಮಾತಿಗೆ, "ಹಾಡೋಕೆ ಬರುತ್ತಾ?" ಎಂದು ಕೇಳಿದ್ದಳು. "ಹಾಡೋಕೆ ಬರಲ್ಲ ಅತ್ತೆ, ಕಿರುಚೋಕೆ ಬರುತ್ತೆ" ಎಂದರಂತೆ. ಸುಳ್ಳಲ್ಲ. ಡ್ರಮ್ಮು, ಗಿಟಾರು, ಎದೆಗೂಡು ನಡುಗಿಸುವ ಸ್ಪೀಕರು, ಇವು ಎಲ್ಲಿದ್ದರೆ ಅಲ್ಲಿ ಅತ್ತಿಗೆ. ದಿನವಿಡೀ ಉಸಿರು ಬಿಗಿಹಿಡಿದು ಹಲ್ಲು ಕೂರಿಸುವವರಿಗೆ ವಾರಕ್ಕೊಮ್ಮೆ ಬಾಯಿ ಬಿಟ್ಟು ಕೂಗುವ ಜಾಗ ಬೇಕಾಗುತ್ತದೇನೋ. ನನಗೆ ಆ ಸಂಗೀತ ಇವತ್ತಿಗೂ ತಲೆನೋವು. ಆದರೂ ಅವರು ಕರೆದರೆ ಹೋಗುತ್ತಿದ್ದೆ, ಅವರ ಮುಖ ನೋಡುವುದಕ್ಕೆ.

ಗುರುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅತ್ತಿಗೆ ಪ್ಲಾಸ್ಟರ್ ಮೂಟೆಗಳಿರುವ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಲ್ಲಿ ಫೋನಿಗೆ ಆ ವಾರದ ಸುದ್ದಿ ಹೇಳಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಶುರುವಾದದ್ದು ಕೆಲಸದ ಕಡೆಯ ನಾಲ್ಕೈದು ಗೆಳತಿಯರಿಗಾಗಿ. ಅವರು ಇನ್ನೊಬ್ಬರಿಗೆ, ಇನ್ನೊಬ್ಬರು ಮತ್ತೊಬ್ಬರಿಗೆ ದಾಟಿಸಿ, ಜೊತೆಗೆ ಅತ್ತಿಗೆಯ ನಂಬರೂ ಹರಡಿ, ಕೊನೆಗೆ ಸಾವಿರಾರು ಜನ ಗುರುವಾರಕ್ಕೆ ಕಾಯುವ ಹಾಗಾಯಿತು. ಒಂದು ವಾರದ್ದು ನನಗೆ ಬಾಯಿಪಾಠವಾಗಿದೆ.

"ಕಿವಿ ಇದ್ದವರೆಲ್ಲ ಕೇಳಿ, ಗಲಾಟೆ ಅಕ್ಕ ಮಾತಾಡ್ತಿದ್ದೀನಿ. ಶುಕ್ರವಾರ ಸಂಜೆ ಮುಚ್ಚಿಹೋದ ಥಿಯೇಟರಲ್ಲಿ 'ತುಕ್ಕು' ತಂಡ. ಹೋದ ಸಲ ಗಿಟಾರಿನ ಹುಡುಗ ಒಂದು ತಂತಿ ಕಿತ್ಕೊಂಡು ಉಳಿದ ಐದರಲ್ಲೇ ಬಾರಿಸಿದ. ಆರಕ್ಕಿಂತ ಅದೇ ಚೆನ್ನಾಗಿತ್ತು, ಅವನಿಗೆ ಹೇಳ್ಬೇಡಿ. ಅಲ್ಲಿ ಹೆಂಗಸರ ಟಾಯ್ಲೆಟ್ಟಿಗೆ ಚಿಲಕ ಇಲ್ಲ, ಜೊತೆಗೆ ಒಬ್ರನ್ನ ಕರ್ಕೊಂಡು ಹೋಗಿ. ಶನಿವಾರ 'ಹಳೇ ಬ್ಯಾಟರಿ'. ಹೆಸರಿಗೆ ತಕ್ಕ ಹಾಗೆ ಮೊದಲನೇ ಹಾಡಿಗೆ ಸ್ಟಾರ್ಟ್ ಆಗಲ್ಲ, ತಾಳ್ಮೆ ಇರಲಿ. ಸೇತುವೆ ರಿಪೇರಿ ನಡೀತಿದೆ, ಬಸ್ಸು ಸುತ್ತು ಹಾಕ್ಕೊಂಡು ಬರುತ್ತೆ. ಲೈಬ್ರರಿ ಹಿಂದೆ ಒಂದು ಬೂದು ಬೆಕ್ಕು ಕಳ್ದೋಗಿದೆ, ಬಾಲ ಅರ್ಧ, ಪೊಗರು ಪೂರ್ತಿ. ಸಿಕ್ಕರೆ ತಿಳಿಸಿ. ಶನಿವಾರ ನಾನು ಬರ್ತೀನಿ. ಎಲ್ಲಿ ಅಂತ ಗೊತ್ತಲ್ಲ, ಎಡಗಡೆ ಗೋಡೆ ಹತ್ರ ನಿಂತಿರ್ತೀನಿ. ಬನ್ನಿ, ಮಾತಾಡ್ಸಿ."

ಕೊನೆಯ ಆ ಎರಡು ಮಾತು ಪ್ರತಿ ವಾರವೂ ಇರುತ್ತಿತ್ತು. ಎಡಗಡೆ ಗೋಡೆ ಏಕೆಂದರೆ ಅಲ್ಲಿ ನೂಕುನುಗ್ಗಲು ಕಡಿಮೆ, ಕುಳ್ಳಗಿರುವವರಿಗೂ ವೇದಿಕೆ ಕಾಣುತ್ತದೆ. ಕೆಲವರು ಹುಡುಕಿಕೊಂಡು ಬಂದು, "ಅಕ್ಕ ನೀವೇನಾ? ದನಿ ಕೇಳಿ ಎತ್ತರ ಇರ್ತೀರಿ ಅಂದ್ಕೊಂಡಿದ್ದೆ" ಎನ್ನುತ್ತಿದ್ದರು. ಅತ್ತಿಗೆ ಹಲ್ಲು ಬಿಟ್ಟು ನಗುತ್ತಿದ್ದರು.

ಮೊದಲ ಮೆಸೇಜು ಬಂದಾಗಲೂ ನಕ್ಕಿದ್ದರು. ಗುರುತಿಲ್ಲದ ನಂಬರು. 'ನಿನ್ನೆ ನಿಮ್ಮ ಹತ್ತಿರವೇ ನಿಂತಿದ್ದೆ. ನಿಧಾನದ ಹಾಡಿಗೆ ನೀವು ಕಣ್ಣು ಮುಚ್ಚಿಕೊಂಡಿರಿ.'

"ನೋಡೆ, ನನ್ನನ್ನೂ ನೋಡೋರು ಇದಾರೆ. ನಿಮ್ಮಣ್ಣನಿಗೆ ಹೇಳು" ಎಂದು ನನಗೆ ತೋರಿಸಿದರು.

ಮುಂದಿನ ವಾರ ಇನ್ನೊಂದು ನಂಬರಿನಿಂದ ಬಂತು. 'ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡಿ. ಅಷ್ಟು ಹೊತ್ತು ಸದ್ದು ಕೇಳಿದ ಕಿವಿಗೆ ಗಾಳಿ ಒಳ್ಳೆಯದಲ್ಲ. ಹತ್ತಿ ಇಟ್ಟುಕೊಳ್ಳಿ.' ಅತ್ತಿಗೆ ಈ ಸಲ ನಗಲಿಲ್ಲ. ಅಂದು ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದಿದ್ದೆವು. ಕಿಟಕಿಯ ಪಕ್ಕ ಅವರೇ ಇದ್ದರು. ಅಂದರೆ ಬರೆದವನು ಅದೇ ಬಸ್ಸಿನಲ್ಲಿದ್ದ. ಯಾರ್ಯಾರು ಇದ್ದರು ಎಂದು ಇಬ್ಬರೂ ನೆನಪು ಮಾಡಿಕೊಳ್ಳಲು ಕೂತೆವು. ಒಂದು ಮುಖವೂ ನೆನಪಿಗೆ ಬರಲಿಲ್ಲ. ಬಸ್ಸಿನಲ್ಲಿ ಯಾರು ಯಾರ ಮುಖ ನೋಡುತ್ತಾರೆ?

ಮೂರನೆಯದು ಒಂದು ಫೋಟೋ. ನಮ್ಮ ಕೆಲಸದ ಕೋಣೆಯ ಹೊರಗೆ, ಮೆಟ್ಟಿಲ ಮೇಲೆ ನಾವು ಬಿಡುವ ಚಪ್ಪಲಿಗಳು. ಪ್ಲಾಸ್ಟರ್ ಪುಡಿ ಮೆತ್ತದಿರಲಿ ಎಂದು ಎಲ್ಲರೂ ಅಲ್ಲಿ ಬಿಟ್ಟು ಒಳಗಿನ ಚಪ್ಪಲಿ ಹಾಕಿಕೊಳ್ಳುತ್ತೇವೆ. ಅತ್ತಿಗೆಯ ಜೋಡಿಯನ್ನು ಮಾತ್ರ ಸಾಲಿನಿಂದ ಬೇರೆ ಮಾಡಿ, ನೀಟಾಗಿ ಜೋಡಿಸಿಟ್ಟು ತೆಗೆದ ಚಿತ್ರ. ಕೆಳಗೆ, 'ಬಲಗಾಲಿನದರ ಉಂಗುಷ್ಟ ಕಿತ್ತಿದೆ. ಹೊಲಿಸಿಕೊಳ್ಳಿ, ಬೀಳುತ್ತೀರಿ.'

ನಾನು ಓಡಿ ಹೋಗಿ ಬಾಗಿಲು ತೆಗೆದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಚಪ್ಪಲಿ ಚಿತ್ರದಲ್ಲಿದ್ದ ಹಾಗೆಯೇ ಬೇರೆಯಾಗಿ, ಪಕ್ಕಪಕ್ಕ ಇದ್ದವು. ಅತ್ತಿಗೆ ನನ್ನ ಹಿಂದೆ ಬಂದು ನೋಡಿದರು. ಸಂಜೆ ಅವರು ಆ ಚಪ್ಪಲಿಗಳನ್ನು ಮುಟ್ಟಲಿಲ್ಲ. ಒಳಗಿನ ರಬ್ಬರ್ ಚಪ್ಪಲಿಯಲ್ಲೇ ಮನೆಗೆ ಬಂದರು.

ಅಣ್ಣ ಕಾಂಕ್ರೀಟ್ ಲಾರಿ ಓಡಿಸುತ್ತಾನೆ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲಿ. "ನಂಬರ್ ಬ್ಲಾಕ್ ಮಾಡು" ಎಂದ. "ಪ್ರತಿ ಸಲ ಹೊಸ ನಂಬರಿಂದ ಬರುತ್ತೆ" ಎಂದರು ಅತ್ತಿಗೆ. "ಹಾಗಾದ್ರೆ ಹೋಗೋದು ಬಿಡು. ಅಲ್ಲಿ ನಿಂತಿರ್ತೀನಿ, ಇಲ್ಲಿ ನಿಂತಿರ್ತೀನಿ ಅಂತ ಊರಿಗೆಲ್ಲ ಡಂಗುರ ಹೊಡೆದ್ರೆ ಇನ್ನೇನಾಗುತ್ತೆ?"

ಆ ಮಾತು ಅತ್ತಿಗೆಗೆ ಎಲ್ಲಿ ತಾಗಿತೋ. ತಟ್ಟೆಯ ಮುಂದಿನಿಂದ ಎದ್ದು ಹೋದರು. ಅಮ್ಮ ಅಣ್ಣನ ಕಡೆ ತಿರುಗಿ, "ಕಳ್ಳನ್ನ ಬಿಟ್ಟು ಮನೆಯವಳಿಗೆ ಬುದ್ಧಿ ಹೇಳ್ತೀಯಲ್ಲೋ" ಎಂದು ಬೈದಳು. ಮರುದಿನದಿಂದ ಅಮ್ಮ ಲಟ್ಟಣಿಗೆಯನ್ನು ಅಡಿಗೆಮನೆಯಿಂದ ತಂದು ಬಾಗಿಲ ಸಂದಿಯಲ್ಲಿ ಇಟ್ಟುಕೊಂಡು ಕೂರತೊಡಗಿದಳು. ಗ್ಯಾಸ್ ಸಿಲಿಂಡರ್ ತಂದವನು ಅದನ್ನು ನೋಡಿ ಸಿಲಿಂಡರನ್ನು ಹೊರಗೇ ಇಟ್ಟು ಹೋದ.

ಪೊಲೀಸ್ ಠಾಣೆಗೂ ಹೋದೆವು. ಮೇಜಿನ ಆಚೆ ಕೂತಿದ್ದವರು ಫೋನು ತೆಗೆದುಕೊಂಡು ಎಲ್ಲ ಓದಿದರು.

"ಬೆದರಿಕೆ ಏನಾದ್ರೂ ಹಾಕಿದ್ದಾನಾ?"

"ಇಲ್ಲ."

"ಕೆಟ್ಟ ಮಾತು, ಕೆಟ್ಟ ಚಿತ್ರ?"

"ಇಲ್ಲ ಸರ್. ಚಪ್ಪಲಿ ಹೊಲಿಸ್ಕೊಳ್ಳಿ ಅಂದಿದ್ದಾನೆ."

"ಒಳ್ಳೆಯವನೇ ಇದಾನಲ್ಲಮ್ಮ. ನಮ್ಮನೇಲಿ ಯಾರೂ ನಂಗೆ ಇಷ್ಟು ಹೇಳಲ್ಲ" ಎಂದು ಅವರು ನಕ್ಕರು. ಪಕ್ಕದಲ್ಲಿದ್ದ ಮಹಿಳಾ ಪೇದೆ ನಗಲಿಲ್ಲ. ನಾವು ಎದ್ದು ಹೊರಟಾಗ ಬಾಗಿಲವರೆಗೆ ಬಂದು ತನ್ನ ನಂಬರು ಕೊಟ್ಟು, "ಮುಖ ಗೊತ್ತಾದ ತಕ್ಷಣ ನನಗೆ ಫೋನ್ ಮಾಡಿ. ಒಬ್ರೇ ಓಡಾಡಬೇಡಿ" ಎಂದಳು.

ಮುಖ ಗೊತ್ತಿಲ್ಲದ್ದೇ ಅತ್ತಿಗೆಯನ್ನು ಸಣ್ಣಗೆ ಅರೆಯತೊಡಗಿತು. ಗೊತ್ತಿದ್ದರೆ ಒಬ್ಬನಿಗೆ ಹೆದರಿದರೆ ಸಾಕಿತ್ತು. ಈಗ ಗಂಡಸರೆಲ್ಲರಿಗೂ ಹೆದರಬೇಕಾಯಿತು. ಅಚ್ಚುಗಳನ್ನು ತರುವ ಕೊರಿಯರ್‌ನವನು ಮೆಟ್ಟಿಲು ಹತ್ತಿದರೆ, ಅವನು ಇಳಿದು ಹೋಗುವವರೆಗೂ ಮೇಣ ಕೆತ್ತುವ ಚಾಕುವನ್ನು ಕೈಯಿಂದ ಕೆಳಗಿಡುತ್ತಿರಲಿಲ್ಲ. ನಮ್ಮಲ್ಲಿ ಹಲ್ಲುಗಳಿಗೆ ಹೊಳಪು ಕೊಡುವಾತ ಎಷ್ಟೋ ವರ್ಷದ ಪರಿಚಯ, ತಂಗಿ ಎಂದೇ ಕರೆಯುವವನು, ಒಂದು ದಿನ "ತಂಗಿ, ಹುಷಾರಾಗಿದ್ದೀಯಾ?" ಎಂದು ಕೇಳಿದ್ದಕ್ಕೆ ಅತ್ತಿಗೆ ಗೋಡೆಗೆ ಒರಗಿ ನಿಂತುಬಿಟ್ಟರು. ಅವನು ಪಾಪ, ಅತ್ತಂತೆ ಮುಖ ಮಾಡಿಕೊಂಡು ಹೋದ. ಹಗ್ಗ ಕಂಡರೂ ಹಾವೆಂದು ಬೆಚ್ಚುವುದು ಎಂದರೆ ಏನು ಎಂದು ನಾನು ಆ ದಿನಗಳಲ್ಲಿ ಕಣ್ಣಾರೆ ಕಂಡೆ. ಸ್ನಾನಕ್ಕೆ ಹೋದರೆ ಚಿಲಕ ಹಾಕಿ, ತೆಗೆದು, ಮತ್ತೆ ಹಾಕುವ ಸದ್ದು ಹೊರಗೆ ಕೇಳುತ್ತಿತ್ತು. ಅಣ್ಣ ನಿದ್ದೆಯಲ್ಲಿದ್ದಾಗ ಅವನ ಫೋನನ್ನೂ ತೆಗೆದು ನೋಡಿದರಂತೆ. "ನನ್ನ ಗಂಡನ್ನೇ ಅನುಮಾನ ಪಟ್ಟೆ ಕಣೆ. ಇದಕ್ಕಿಂತ ಕೆಳಗೆ ಇನ್ನೇನಿದೆ?" ಎಂದು ನನ್ನ ಹತ್ತಿರ ಹೇಳಿಕೊಂಡರು.

ಆದರೂ ಗುರುವಾರದ ಸುದ್ದಿ ನಿಲ್ಲಿಸಿರಲಿಲ್ಲ. ಕಾರ್ಯಕ್ರಮಗಳನ್ನು ಹೇಳಿ, ತಾವು ಬರುವ ಮಾತನ್ನು ಮಾತ್ರ ಬಿಟ್ಟರು. ಆಗ ಬಂತು: 'ಈ ವಾರ ನನ್ನನ್ನು ಕರೆಯಲಿಲ್ಲ. ಬೇಜಾರಾಗಿದೆಯಾ?'

ಅತ್ತಿಗೆ ಆ ಸಾಲನ್ನು ಎರಡು ಸಲ ಓದಿದರು. ಆಮೇಲೆ ಎದ್ದು, ಗುರುವಾರ ಅಲ್ಲದಿದ್ದರೂ, ಪ್ಲಾಸ್ಟರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಈ ಸಲ ನನ್ನನ್ನೂ ಒಳಗೆ ಕರೆದುಕೊಂಡರು. ಮೂಟೆಯ ಮೇಲೆ ಕೂತು, ನನ್ನ ಮಣಿಕಟ್ಟು ಹಿಡಿದುಕೊಂಡೇ ಮಾತಾಡಿದರು.

"ಕಿವಿ ಇದ್ದವರೆಲ್ಲ ಕೇಳಿ, ಗಲಾಟೆ ಅಕ್ಕ ಮಾತಾಡ್ತಿದ್ದೀನಿ. ಈ ಶನಿವಾರ ಮಾರ್ಕೆಟ್ ಪಕ್ಕದ ಪಾರ್ಕಿಂಗ್ ಕಟ್ಟಡದ ಮೇಲ್ಮಹಡೀಲಿ 'ನಾಲ್ಕನೇ ಮಹಡಿ' ತಂಡದವರು ಬಾರಿಸ್ತಾರೆ. ಅಕ್ಕಪಕ್ಕದವರ ನಿದ್ದೆ ಕೆಡಬಾರದು ಅಂತ ಮಧ್ಯಾಹ್ನವೇ ಇಟ್ಕೊಂಡಿದ್ದಾರೆ, ಟೋಪಿ ತನ್ನಿ. ಇನ್ನು ಊರಿನ ಸುದ್ದಿ. ಒಬ್ಬ ಮನುಷ್ಯ ನನ್ನ ಹಿಂದೆ ಬೀಳ್ತಿದ್ದಾನೆ. ಬಸ್ಸಲ್ಲಿ ಬರ್ತಾನೆ, ಕೆಲಸದ ಕಡೆ ಬರ್ತಾನೆ, ಮುಖ ತೋರಿಸಲ್ಲ. ನಂಗೆ ತುಂಬಾ ಭಯ ಆಗ್ತಿದೆ. ತಮಾಷೆ ಮಾಡ್ತಿಲ್ಲ. ಇದನ್ನ ಅವನೂ ಕೇಳಿಸ್ಕೊಳ್ತಿದ್ದಾನೆ. ನೀನು ಅಂತಾನೇ ಹೇಳ್ತೀನಿ, ಕೇಳು. ನಿನ್ನನ್ನ ನಾನು ಕರೆದಿಲ್ಲ. ನನ್ನ ಹಿಂದೆ ಬರಬೇಡ. ಉಳಿದವರೆಲ್ಲ ಬನ್ನಿ. ನಂಗೊಬ್ಬಳಿಗೇ ಬರೋಕೆ ಧೈರ್ಯ ಸಾಲ್ತಿಲ್ಲ."

ಕಳಿಸಿದ ಮೇಲೆ ಎರಡು ಲೋಟ ನೀರು ಕುಡಿದರು. ಅರ್ಧ ಗಂಟೆಯೊಳಗೆ ಫೋನು ತುಂಬಿಹೋಯಿತು. 'ಅಕ್ಕ, ನಾವಿದ್ದೀವಿ.' 'ನಾನು, ನನ್ನ ಮೂರು ಜನ ತಮ್ಮಂದಿರು ಬರ್ತೀವಿ.' 'ಅಕ್ಕ, ನಾನು ನರ್ಸು, ಡ್ಯೂಟಿ ಮುಗಿಸಿ ಹಾಗೇ ಬರ್ತೀನಿ.' ನನಗೆ ಕಣ್ಣು ತುಂಬಿ ಬಂತು. ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದೆ. ಅತ್ತಿಗೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು.

"ಇದರಲ್ಲಿ ಅವನದು ಯಾವುದು?" ಎಂದರು.

ನನಗೆ ಹೊಳೆದೇ ಇರಲಿಲ್ಲ. ನಮ್ಮ ಜೊತೆ ನಿಲ್ಲುತ್ತೇವೆ ಎಂದು ಬರುವ ಅಷ್ಟು ಜನರಲ್ಲಿ ಅವನೂ ಒಬ್ಬನಾಗಿ ಬರಬಹುದು. ಬರುತ್ತಾನೆ. ಬಾರದೆ ಇರುತ್ತಾನೆಯೇ?

ಶನಿವಾರ ಅಣ್ಣನಿಗೆ ರಜೆ ಸಿಗಲಿಲ್ಲ. ಕಾಂಕ್ರೀಟ್ ತುಂಬಿದ ಲಾರಿಯನ್ನು ದಾರಿಯಲ್ಲಿ ನಿಲ್ಲಿಸಿದರೆ ಒಳಗೇ ಕಲ್ಲಾಗುತ್ತದೆ. "ಸುರಿದ ತಕ್ಷಣ ಬರ್ತೀನಿ, ಅವಳ ಕೈ ಬಿಡಬೇಡ" ಎಂದು ನನಗೆ ಹತ್ತು ಸಲ ಹೇಳಿದ. ನಾನು ಬಿಡಲಿಲ್ಲ. ಪಾರ್ಕಿಂಗ್ ಕಟ್ಟಡದ ಇಳಿಜಾರು ದಾರಿಯನ್ನು ಹತ್ತುವಾಗ ಅತ್ತಿಗೆಯ ಅಂಗೈ ಬೆವರಿ ನನ್ನ ಹಿಡಿತದಿಂದ ಜಾರುತ್ತಿತ್ತು. ಮೇಲೆ ಹೋದರೆ ಬಿಸಿಲು, ಕಾರು ನಿಲ್ಲಿಸುವ ಬಿಳಿ ಗೆರೆಗಳು, ಒಂದು ಕೊನೆಯಲ್ಲಿ ಹಲಗೆಯ ವೇದಿಕೆ. ಸುತ್ತ ಸೊಂಟದ ಎತ್ತರದ ಮೋಟು ಗೋಡೆ. ಅದರ ಆಚೆಗೆ ಏನೂ ಇಲ್ಲ, ಕೆಳಗೆ ಮಾರ್ಕೆಟ್ಟಿನ ತಗಡಿನ ಸೂರುಗಳು.

ಜನ ಬಂದಿದ್ದರು. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಬಂದಿದ್ದರು. ಅತ್ತಿಗೆ ಎಡಗಡೆಯ ಗೋಡೆಗೆ ಹೋಗುತ್ತಲೇ ಅವರೆಲ್ಲ ಸುತ್ತ ಬಂದು ನಿಂತರು. ನರ್ಸು ಸಮವಸ್ತ್ರದಲ್ಲೇ ಇದ್ದಳು. ಮೂವರು ತಮ್ಮಂದಿರು ಮೂರು ಕಂಬಗಳ ಹಾಗೆ ನಿಂತರು. ಕಾಲೇಜು ಹುಡುಗಿಯರು ಕೈಕೈ ಹಿಡಿದು ಬೇಲಿ ಮಾಡಿದರು. ಐವತ್ತರ ಆಸುಪಾಸಿನ ಒಬ್ಬರು ಹೆಗಲಚೀಲದಿಂದ ನೀರಿನ ಬಾಟಲಿ ತೆಗೆದು, "ಬಿಸಿಲು ಜೋರಿದೆ, ಕುಡೀರಿ" ಎಂದು ನನ್ನ ಕೈಗೆ ಕೊಟ್ಟರು. "ಥ್ಯಾಂಕ್ಸ್ ಅಣ್ಣ" ಎಂದು ನಾನೇ ಇಸಿದುಕೊಂಡೆ. ಅತ್ತಿಗೆ ಯಾರ ಕಣ್ಣನ್ನೂ ಎರಡನೆಯ ಸಲ ನೋಡುತ್ತಿರಲಿಲ್ಲ. ಎಲ್ಲರಿಗೂ ತಲೆಯಾಡಿಸುತ್ತ, ನನ್ನ ಕಿವಿಯಲ್ಲಿ, "ಇಷ್ಟು ಜನದ ಮಧ್ಯೆ ಉಸಿರು ಕಟ್ತಾ ಇದೆ ಕಣೆ. ಎಲ್ಲಿ ಅಂತ ನೋಡ್ಲಿ?" ಎಂದರು. ಅವರನ್ನು ಕಾಯಲೆಂದು ಕಟ್ಟಿದ ಕೋಟೆಯೊಳಗೇ ಅವರು ಸಿಕ್ಕಿಕೊಂಡಿದ್ದರು.

ಡ್ರಮ್ಮು ಶುರುವಾಯಿತು. ನೆಲದ ಕಾಂಕ್ರೀಟು ಕಾಲಡಿಯಲ್ಲಿ ನಡುಗಿತು. ನಿಧಾನದ ಹಾಡು ಬಂದಾಗ ನಾನು ಅತ್ತಿಗೆಯ ಮುಖ ನೋಡಿದೆ. ಕಣ್ಣು ಅಗಲವಾಗಿ ತೆರೆದೇ ಇತ್ತು. ನಾನು ಅವರ ಹೆಗಲ ಮೇಲೆ ಕೈ ಇಟ್ಟೆ.

ಸ್ವಲ್ಪ ಹೊತ್ತಿಗೆ ಅವರ ಕೈಯಲ್ಲಿದ್ದ ಫೋನು ಅದುರಿತು. ಒಂದು ಫೋಟೋ. ಅತ್ತಿಗೆಯ ಬೆನ್ನು, ಅವರ ಹೆಗಲ ಮೇಲೆ ನನ್ನ ಕೈ, ನನ್ನ ಹಸಿರು ಬಳೆ. ಆಗಷ್ಟೇ ತೆಗೆದದ್ದು. ಕೆಳಗೆ, 'ಹೆದರಬೇಡಿ. ನಾವೆಲ್ಲ ಇದ್ದೀವಲ್ಲ.'

ಅತ್ತಿಗೆ ತಿರುಗಲಿಲ್ಲ. ತಿರುಗಬೇಡ ಎಂದು ನನಗೂ ಕಣ್ಣಿನಲ್ಲೇ ಹೇಳಿದರು. ಫೋನನ್ನು ನನ್ನ ಮುಖದ ಹತ್ತಿರ ತಂದು, ಚಿತ್ರದ ಕೆಳಗಿನ ಅಂಚನ್ನು ಬೆರಳಿನಿಂದ ತೋರಿಸಿದರು. ಅಲ್ಲಿ ಮಸುಕಾಗಿ ಏನೋ ಕೆಂಪಗಿತ್ತು, ಚಿಟ್ಟೆಯ ಆಕಾರದ ಕ್ಲಿಪ್ಪು. ತೆಗೆದವನ ಮುಂದೆ ಯಾವುದೋ ಹುಡುಗಿ ನಿಂತಿದ್ದಾಳೆ, ಅವಳ ತಲೆಯದು.

ನಾನು ಬಾಟಲಿಯನ್ನು ಬೀಳಿಸಿದ ಹಾಗೆ ಮಾಡಿ, ಬಗ್ಗಿ ಎತ್ತಿಕೊಳ್ಳುತ್ತ ಹಿಂದೆ ನೋಡಿದೆ. ಬೇಲಿ ಕಟ್ಟಿದ್ದ ಹುಡುಗಿಯರಲ್ಲಿ ಒಬ್ಬಳ ತಲೆಯಲ್ಲಿ ಕೆಂಪು ಚಿಟ್ಟೆ. ಅವಳ ಬೆನ್ನಿಗೇ, ಫೋನನ್ನು ಅಂಗಿಯ ಜೇಬಿಗೆ ಇಳಿಸುತ್ತ, ನೀರು ಕೊಟ್ಟ ಮನುಷ್ಯ. ನನ್ನನ್ನು ನೋಡಿ ನೆಂಟರನ್ನು ಕಂಡಂತೆ ನಕ್ಕ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ಬಾಯಿಮಾತಿಗೆ ಎಷ್ಟು ಸಲ ಹೇಳಿರುತ್ತೇವೆ. ಎದುರಿಗೆ ನಿಂತು ನಕ್ಕಾಗ ಗೊತ್ತಾಗುತ್ತದೆ. ಅವನು ಕೊಟ್ಟ ನೀರನ್ನು ನಾನು ಅರ್ಧ ಕುಡಿದಿದ್ದೆ.

"ನೀರಿನವನು" ಎಂದೆ ಅತ್ತಿಗೆಯ ಕಿವಿಯಲ್ಲಿ. ಪೇದೆಗೆ ಫೋನ್ ಮಾಡೋಣ, ಕೆಳಗೆ ಹೋಗೋಣ ಎಂದು ಏನೇನೋ ಹೇಳಿದೆ. ಅತ್ತಿಗೆ ನನ್ನ ಕೈ ಬಿಡಿಸಿಕೊಂಡು, ತಿರುಗಿ ನೆಟ್ಟಗೆ ಅವನ ಹತ್ತಿರ ನಡೆದರು.

"ನಿಮ್ಮ ಫೋನ್ ಕೊಡಿ" ಎಂದು ಕೈ ಚಾಚಿದರು. ಗಿಟಾರಿನ ಆರ್ಭಟದಲ್ಲಿ ಅವನಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಅಡ್ಡ ಹಿಡಿದು ಬಗ್ಗಿದ. ಅತ್ತಿಗೆ ಕೂಗಿದರು: "ಫೋನ್! ಕೊಡಿ!"

ಅವನು ಕೊಟ್ಟುಬಿಟ್ಟ. ಕೇಳಿದ್ದಕ್ಕೆ ಸಂತೋಷವಾದವನ ಹಾಗೆ ಕೊಟ್ಟ.

"ನೀವೇನಾ? ನನ್ನ ಹಿಂದೆ ಯಾಕೆ ಬರ್ತೀರಿ?"

"ಹಿಂದೆ ಅಲ್ಲ, ಜೊತೇಲಿ!" ಅವನೂ ಕೂಗಲೇಬೇಕಾಯಿತು. "ನಿಮಗೇನೂ ಆಗಬಾರದು ಅಂತ! ನಾನು ನೋಡ್ಕೋತಾ ಇದ್ದೆ!"

"ನಾನು ನಿಮ್ಮನ್ನ ಕರೆದಿಲ್ಲ!"

ಅಷ್ಟರಲ್ಲಿ ಹಾಡು ಮುಗಿಯಿತು. ಅದು ಗೊತ್ತಾಗದೆ ಅವನು ಕೂಗಿದ್ದು ಇಡೀ ಮೇಲ್ಮಹಡಿಗೆ ಕೇಳಿಸಿತು.

"ಪ್ರತಿ ವಾರ ನನ್ನ ಕಿವೀಲಿ ಬಂದು 'ಬನ್ನಿ, ಮಾತಾಡ್ಸಿ' ಅಂತ ಕರೀತೀರಲ್ಲ!"

ಎಲ್ಲರಿಗೂ ಒಟ್ಟಿಗೆ ಅರ್ಥವಾಯಿತು. ಮೂವರು ತಮ್ಮಂದಿರಲ್ಲಿ ಒಬ್ಬ ಅವನ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ಕೆನ್ನೆಗೆ ಹೊಡೆದ. ಹಿಂದಿನಿಂದ "ಅವನೇ! ಹಿಡೀರಿ ಅವನ್ನ!" ಎಂಬ ಕೂಗು ಎದ್ದಿತು. ಯಾರೆಂದು ನೋಡದೆಯೇ ಜನ ನುಗ್ಗಿದರು. ಅವನ ಕನ್ನಡಕ ಹಾರಿತು, ಹೆಗಲಚೀಲ ಕಿತ್ತು ಬಾಟಲಿಗಳು ಉರುಳಿದವು. ನೂಕಿದವರಿಗೆ ತಾವು ಯಾವ ಕಡೆ ನೂಕುತ್ತಿದ್ದೇವೆ ಎಂಬ ಪರಿವೆ ಇರಲಿಲ್ಲ. ಆ ಮನುಷ್ಯನ ಬೆನ್ನು ಮೋಟು ಗೋಡೆಗೆ ತಾಗಿತು. ಇನ್ನೊಂದು ನೂಕಿಗೆ ಅವನ ಸೊಂಟದ ಮೇಲಿನ ಭಾಗ ಗೋಡೆಯಾಚೆ ಬಾಗಿತು, ಕಾಲು ನೆಲ ಬಿಟ್ಟಿತು. ಕೆಳಗೆ ತಗಡಿನ ಸೂರು, ಅದರ ಕೆಳಗೆ ಮಾರ್ಕೆಟ್ಟಿನ ಜನ.

ಅದುವರೆಗೆ ನಾನು ಹೆದರಿದ್ದೆಲ್ಲ ಒಂದು ತೂಕ, ಆ ಗಳಿಗೆಯದೇ ಒಂದು ತೂಕ.

"ಬಿಡಿ!"

ಅತ್ತಿಗೆ ಕಿರುಚಿದರು. ಮೈಕು ಇರಲಿಲ್ಲ, ಸ್ಪೀಕರು ಇರಲಿಲ್ಲ. "ಬಿಡೀ ಅವನ್ನ! ಅವನು ಬಿದ್ರೆ ನಾನು ಜನ್ಮಪೂರ್ತಿ ಅವನ ಜೊತೇಲೇ ಬದುಕಬೇಕಾಗುತ್ತೆ! ಬಿಡಿ!"

ಅಲ್ಲಿದ್ದ ಪ್ರತಿಯೊಬ್ಬರಿಗೂ ಆ ದನಿ ಗೊತ್ತಿತ್ತು. ಕೈಗಳು ಸಡಿಲವಾದವು. ನರ್ಸು ಮುಂದೆ ನುಗ್ಗಿ ಅವನ ಬೆಲ್ಟು ಹಿಡಿದು ಈಚೆಗೆ ಎಳೆದಳು. ಅವನು ಗೋಡೆಯ ಬುಡದಲ್ಲಿ ಕುಸಿದು ಕೂತು, ಕನ್ನಡಕಕ್ಕಾಗಿ ನೆಲ ತಡವತೊಡಗಿದ. ನಾನು ಪೇದೆಗೆ ಫೋನ್ ಮಾಡಿದೆ. ಅವಳು ಬರುವವರೆಗೂ ಅತ್ತಿಗೆ ಅಲ್ಲೇ, ಅವನಿಂದ ಎರಡು ಮಾರು ದೂರದಲ್ಲಿ, ಯಾರೂ ಅವನನ್ನು ಮುಟ್ಟದ ಹಾಗೆ ನಿಂತಿದ್ದರು. ಅಣ್ಣ ಸಿಮೆಂಟು ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದಾಗ ಅವನನ್ನು ಕೆಳಗೆ ಇಳಿಸುತ್ತಿದ್ದರು. ಅಣ್ಣ ಮುಷ್ಟಿ ಕಟ್ಟಿದ. ಅತ್ತಿಗೆ ಆ ಮುಷ್ಟಿಯ ಮೇಲೆ ತಮ್ಮ ಮುಖ ಇಟ್ಟು ಅಳತೊಡಗಿದರು. ಆಮೇಲೆ ಅವನಿಗೆ ಹೊಡೆಯುವುದಕ್ಕೆ ಕೈಯೇ ಖಾಲಿ ಇರಲಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಡುವಾಗ ಅವನು ಒಂದು ಶಾಲೆಯ ಪ್ರಯೋಗಶಾಲೆಯಲ್ಲಿ ಅಟೆಂಡರ್ ಎಂದು ತಿಳಿಯಿತು. ಒಂದು ದಿನ ಅವನ ಅಕ್ಕ ನಮ್ಮ ಮನೆ ಹುಡುಕಿಕೊಂಡು ಬಂದರು. ಬಾಗಿಲಲ್ಲಿ ಲಟ್ಟಣಿಗೆ ಕಂಡು ಅಲ್ಲೇ ನಿಂತರು. ಅಮ್ಮನೇ ಒಳಗೆ ಕರೆದು ಕೂರಿಸಿದಳು.

"ಅವನು ಮನೇಲಿ ಯಾರ ಜೊತೇನೂ ಮಾತಾಡಲ್ಲಮ್ಮ" ಎಂದರು ಆಕೆ. "ಗುರುವಾರ ನಿಮ್ಮ ದನಿ ಬಂದ್ರೆ ಮಾತ್ರ ಮಾತಾಡ್ತಾನೆ. ನೀವು ಒಂದು ಹೇಳ್ತೀರಿ, ಅವನು ಅದಕ್ಕೆ ಉತ್ತರ ಹೇಳ್ತಾನೆ. ನಗ್ತಾನೆ. ನಾವು ಪಕ್ಕದ ಕೋಣೇಲಿ ಕೇಳಿಸ್ಕೊಂಡು, ಸದ್ಯ ಇಷ್ಟಾದ್ರೂ ಇದೆಯಲ್ಲ ಅಂದ್ಕೊಳ್ತಿದ್ವಿ. ಒಂದು ಹುಳಾನೂ ಸಾಯಿಸಲ್ಲ ಅವನು. ದೂರು ವಾಪಸ್ ತಗೊಳ್ಳಿ, ಕೆಲಸ ಹೋಗುತ್ತೆ."

ಅತ್ತಿಗೆ ಎಲ್ಲ ಕೇಳಿದರು. ಅವರ ಕಣ್ಣಲ್ಲೂ ನೀರಿತ್ತು. ಆದರೆ ಹೇಳಿದ್ದು ಇಷ್ಟು: "ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ ಅಕ್ಕ. ಅವನಿಗೆ ಡಾಕ್ಟರ್ ಹತ್ರ ತೋರಿಸಿ. ನಾನು ನನ್ನ ಗಂಡನ್ನ, ನನ್ನ ಅಣ್ಣನಂಥವರನ್ನ ನೋಡಿದ್ರೂ ನಡುಗೋ ಹಾಗೆ ಮಾಡಿಟ್ಟಿದ್ದಾನೆ ಅವನು. ದೂರು ವಾಪಸ್ ತಗೊಳ್ಳಲ್ಲ."

ಅತ್ತಿಗೆಯ ಹತ್ತಿರ ಸುಳಿಯಬಾರದೆಂದು ಅವನಿಗೆ ಕಟ್ಟಪ್ಪಣೆಯಾಯಿತು. ಕೆಲಸ ಹೋಗಲಿಲ್ಲ, ಬೇರೆ ಶಾಲೆಗೆ ಹಾಕಿದರು. ಅಲ್ಲಿಗೆ ಮುಗಿಯಿತು ಎಂದು ಕೇಳಿದವರೆಲ್ಲ ಹೇಳಿದರು. ಭಯ ಎಂಬುದು ಹಾಗೆ ಮುಗಿಯುವುದಿಲ್ಲ. ಮೆಸೇಜು ನಿಂತ ಮೇಲೂ ಫೋನು ಅದುರಿದರೆ ಅತ್ತಿಗೆ ಕೈಯಲ್ಲಿದ್ದುದನ್ನು ಕೆಳಗೆ ಇಡುತ್ತಿದ್ದರು. ಒಬ್ಬ ಅಜ್ಜಿಯ ಸೆಟ್ಟಿನಲ್ಲಿ ಎಡಗಡೆಯ ಹಲ್ಲನ್ನು ಬಲಗಡೆ ಕೂರಿಸಿ, ಅದು ವಾಪಸು ಬಂತು, ಎಂದೂ ಹಾಗಾಗಿರಲಿಲ್ಲ. ಗುರುವಾರದ ಸುದ್ದಿ ನಿಂತುಹೋಯಿತು. ತಿಂಗಳುಗಟ್ಟಲೆ ಮನೆಯಲ್ಲಿ ಹಾಡಿನ ಸದ್ದೇ ಇಲ್ಲ. ಕೊನೆಗೆ ಅಮ್ಮನೇ, "ಆ ಡಬ್ಬಾ ಬಡಿಯೋ ಹಾಡು ಹಾಕೇ, ಮನೆ ಸ್ಮಶಾನ ಆಗಿದೆ" ಎಂದು ರೇಗಿದಳು.

ಮತ್ತೆ ಶುರು ಮಾಡಿದಾಗ ದನಿ ಅದೇ ಇತ್ತು, ಜೋಕೂ ಇತ್ತು. ಕಾರ್ಯಕ್ರಮ, ಬಸ್ಸು, ಚಿಲಕ, ಕಳೆದುಹೋದ ನಾಯಿ, ಎಲ್ಲ ಇದ್ದವು. 'ನಾನು ಬರ್ತೀನಿ' ಎಂಬುದು ಮಾತ್ರ ಇರಲಿಲ್ಲ. ಅವರು ಹೋಗುತ್ತಲೂ ಇರಲಿಲ್ಲ. ಹೋದವರು ಕಳಿಸಿದ ಸಣ್ಣ ಸಣ್ಣ ತುಣುಕುಗಳನ್ನು ಅಡಿಗೆಮನೆಯಲ್ಲಿ ನಿಂತು ಕೇಳುತ್ತಿದ್ದರು.

ಹೋದ ಭಾನುವಾರ ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಅತ್ತಿಗೆ ಮನೆಯಲ್ಲಿರಲಿಲ್ಲ. ಫೋನು ಮೇಜಿನ ಮೇಲೇ ಇತ್ತು. ಅಣ್ಣ ಕೆಲಸದ ಕೋಣೆಗೆ ಓಡಿದ, ಬೀಗ ಹಾಕಿತ್ತು. ನಾನು ಪೇದೆಗೆ ಫೋನ್ ಮಾಡಿದೆ. ಅವಳು ಆ ಮನುಷ್ಯನ ಮನೆಗೆ ಹೋಗಿ ನೋಡಿ, ಅವನು ಅಕ್ಕನ ಜೊತೆ ಮನೆಯಲ್ಲೇ ಇದ್ದಾನೆ ಎಂದಳು. ಅದರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಮ್ಮ ಬೀದಿಯ ತಿರುವಿನಲ್ಲಿ ನಿಂತುಬಿಟ್ಟಿದ್ದಳು, ಹಲ್ಲು ಹಾಕಿಕೊಳ್ಳುವುದನ್ನೂ ಮರೆತು.

ಸಂಜೆ ಬೆಳಕು ಇನ್ನೂ ಇರುವಾಗಲೇ ಅತ್ತಿಗೆ ಬಸ್ಸು ಇಳಿದು ಬಂದರು. ಕೂದಲು ಕೆದರಿತ್ತು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನಾವು ಮೂವರೂ ಒಟ್ಟಿಗೆ ಬೈಯತೊಡಗಿದೆವು. ಅಣ್ಣನ ದನಿ ಎಲ್ಲಕ್ಕಿಂತ ಜೋರಾಗಿತ್ತು, ಕೊನೆಯಲ್ಲಿ ಒಡೆದೂ ಹೋಯಿತು.

"ಹೇಳಿ ಹೋಗೋಕೆ ಏನಾಗಿತ್ತು ನಿಂಗೆ?"

"ಹೇಳಿ ಹೋದ್ರೆ ಅವನು ಬರ್ತಾನೇನೋ ಅಂತ ನಾನು ಸಾಯ್ತೀನಿ, ಹೇಳದೆ ಹೋದ್ರೆ ನೀವು ಸಾಯ್ತೀರಿ. ಏನ್ ಮಾಡ್ಲಿ ಹೇಳಿ?" ಎಂದರು ಅತ್ತಿಗೆ. ಕಿವಿ ಇನ್ನೂ ಗುಂಯ್ ಎನ್ನುತ್ತಿದ್ದುದರಿಂದ ಅವರಿಗೆ ತಾವು ಕೂಗುತ್ತಿರುವುದು ಗೊತ್ತಾಗುತ್ತಿರಲಿಲ್ಲ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಕೇಳಿದಳು, "ಹೆದರಿಕೆ ಆಗ್ಲಿಲ್ವೇನೆ?"

"ಆಯ್ತು ಅತ್ತೆ! ತುಂಬಾ ಆಯ್ತು! ಮೂರು ಹಾಡು ಬಾಗಿಲಲ್ಲೇ ನಿಂತಿದ್ದೆ! ಆಮೇಲೆ ಒಳಗೆ ಹೋದೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಚಪ್ಪಲಿ ಬಿಟ್ಟು, ಕೈಕಾಲು ತೊಳೆಯಲು ಒಳಗೆ ನಡೆದರು.